ಸದ್ದಿಗೆ ಹೆದರುವುದನ್ನು ಮಿದುಳು ಕಲಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರೊಬ್ಬರು ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಫೋನಿನಲ್ಲಿ ಒಂದೇ ರಿಂಗ್‌ಟೋನ್ ಇತ್ತು. ಮೂರು ಸ್ವರ ಏರಿ ಒಂದು ಇಳಿಯುವ ಪುಟ್ಟ ರಾಗ. ರಾತ್ರಿ ಹೊತ್ತು ಅದು ಕೇಳಿಸಿತೆಂದರೆ ಒಳ್ಳೆಯ ಸುದ್ದಿ ಇರುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ರಿಂಗ್‌ಟೋನ್ ಬದಲಿಸಿದೆ, ಮರೆತೂ ಬಿಟ್ಟೆ. ವರ್ಷ ಕಳೆದ ಮೇಲೆ ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವರ ಫೋನಿನಿಂದ ಅದೇ ರಾಗ ಬಂತು. ಅಂಗೈ ಬೆವೆತಿತ್ತು, ಹೊಟ್ಟೆಯಲ್ಲಿ ಏನೋ ತಣ್ಣಗೆ ಇಳಿದಿತ್ತು, ಕೈ ಆಗಲೇ ಜೇಬಿನಲ್ಲಿತ್ತು. 'ಓ, ಅದೇ ಟೋನ್' ಎಂದು ಗೊತ್ತಾದದ್ದು ಆಮೇಲೆ.

ಆ 'ಆಮೇಲೆ' ಎಂಬುದು ನನ್ನನ್ನು ಈ ಓದಿಗೆ ಹಚ್ಚಿತು. ಈ ವಿಷಯ ಎತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ನಾನು ವೈದ್ಯನಲ್ಲ, ಓದುಗ.

ಸದ್ದಿಗೆ ಹೆದರುವುದು ಹುಟ್ಟುಗುಣವೇ, ಕಲಿತದ್ದೇ?

ಎರಡೂ ಇವೆ. ಇವೆರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಗೋಜಲಾಗುತ್ತದೆ. ಬಾಗಿಲು ಧಡಾರನೆ ಬಡಿದುಕೊಂಡಾಗ ಬೆಚ್ಚಿಬೀಳುವುದು ಹುಟ್ಟಿನಿಂದ ಬಂದದ್ದು, ಹಸುಗೂಸೂ ಬೆಚ್ಚುತ್ತದೆ. ಕಿವಿಯ ನರದಿಂದ ಮಿದುಳಿನ ಕಾಂಡಕ್ಕೆ, ಅಲ್ಲಿಂದ ಸ್ನಾಯುಗಳಿಗೆ, ನಡುವೆ ಬೆರಳೆಣಿಕೆಯ ನರಕೋಶಗಳ ಕೊಂಡಿ ಅಷ್ಟೇ. ಕಣ್ಣಿನ ಸುತ್ತಲಿನ ಸ್ನಾಯು ಬಿಗಿಯತೊಡಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಸದ್ದು ಜೋರಾಗಿರಬೇಕು, ಥಟ್ಟನೆ ಬರಬೇಕು. ಹಿಂದಿನ ಅನುಭವದ ಹಂಗು ಇದಕ್ಕಿಲ್ಲ.

ಕಲಿತ ಭಯದ ಲೆಕ್ಕ ಬೇರೆ. ಅಲ್ಲಿ ಸದ್ದು ಜೋರಾಗಿರಬೇಕೆಂದೇನೂ ಇಲ್ಲ. ಕೋಪಿಷ್ಠ ಅಪ್ಪನ ಮನೆಯಲ್ಲಿ ಬೆಳೆಯುವ ಮಗುವಿಗೆ ಗೇಟಿನ ಚಿಲಕ ಸರಿಯುವ ಸಣ್ಣ ಕಿರಿಕ್ ಸಾಕು, ಬಾಯೊಳಗಿನ ಮಾತು ಅಲ್ಲೇ ನಿಲ್ಲುತ್ತದೆ. ಚಪ್ಪಲಿ ಎಳೆಯುತ್ತ ಬರುತ್ತಿದ್ದಾರೋ, ಹೆಜ್ಜೆ ಕುಕ್ಕುತ್ತ ಬರುತ್ತಿದ್ದಾರೋ ಎಂಬುದರ ಮೇಲೆ ಆ ರಾತ್ರಿ ಹೇಗಿರುತ್ತದೆಂದು ಅದು ಅಂದಾಜು ಹಾಕಿಬಿಡುತ್ತದೆ. ಚಿಲಕದಿಂದ ಯಾರಿಗೂ ನೋವಾಗಿಲ್ಲ. ಅದರ ಬೆನ್ನಿಗೆ ಏನು ಬರುತ್ತದೆ ಎಂಬುದನ್ನು ಮಿದುಳು ಗುರುತು ಹಾಕಿಕೊಂಡಿದೆ. ಈ ಪುಟ ಈ ಎರಡನೇ ಬಗೆಯ ಭಯದ್ದು.

ಏನೂ ಮಾಡದ ಸದ್ದು ಭಯದ ಸದ್ದಾಗುವುದು ಹೇಗೆ?

ರಷ್ಯಾದ ಇವಾನ್ ಪಾವ್ಲೊವ್ ನಾಯಿಗಳಿಗೆ ಮೆಟ್ರೊನೊಮ್ ಸದ್ದು ಕೇಳಿಸಿ ಆಹಾರ ಕೊಟ್ಟ ಕಥೆ ಶಾಲೆಯ ಪಾಠದಲ್ಲೇ ಬರುತ್ತದೆ. ಆಹಾರದ ಜಾಗದಲ್ಲಿ ನೋವನ್ನಿಡಿ, ಭಯದ ಪಾಠ ಸಿಗುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಮಾಡುವ ರೀತಿ ಹೀಗೆ. ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಒಂದು ಟೋನ್ ಕೇಳಿಸುತ್ತಾರೆ. ಇಲಿ ಕಿವಿ ನಿಮಿರಿಸಿ, ಒಮ್ಮೆ ಗಾಳಿ ಮೂಸಿ, ತನ್ನ ಪಾಡಿಗೆ ಓಡಾಡುತ್ತದೆ. ಇನ್ನೊಮ್ಮೆ ಟೋನ್ ಬರುತ್ತದೆ, ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಕಾಲಡಿಯ ಸರಳುಗಳಲ್ಲಿ ಸಣ್ಣ ಶಾಕ್. ಕೆಲವೇ ಸಲ ಹೀಗಾದರೆ ಮುಗಿಯಿತು. ಮರುದಿನ ಬೇರೆ ಪೆಟ್ಟಿಗೆಯಲ್ಲಿಟ್ಟು, ಶಾಕ್ ಇಲ್ಲದೆ, ಬರಿಯ ಟೋನ್ ಕೇಳಿಸಿದರೂ ಇಲಿ ಕಲ್ಲಾಗುತ್ತದೆ. ಉಸಿರಾಟಕ್ಕೆ ಪಕ್ಕೆ ಆಡುವುದು ಬಿಟ್ಟರೆ ಮೀಸೆಯೂ ಅಲುಗುವುದಿಲ್ಲ. ರಕ್ತದೊತ್ತಡ ಏರಿರುತ್ತದೆ, ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಇಳಿದಿರುತ್ತವೆ.

ಒಳಗೆ ಆಗುವುದು ನರಕೋಶಗಳ ನಡುವಿನ ಕೊಂಡಿಯ ಕೆಲಸ. ಕಿವಿಯ ಮಟ್ಟದಿಂದ ಸ್ವಲ್ಪ ಮುಂದಕ್ಕೆ, ಮಿದುಳಿನ ಎರಡೂ ಬದಿ ಆಳದಲ್ಲಿ, ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅದರ ಪಕ್ಕದ ಅಂಚಿನಲ್ಲಿ ಒಂದು ಗುಂಪು ನರಕೋಶಗಳಿಗೆ ಸದ್ದಿನ ಸುದ್ದಿಯೂ ಬರುತ್ತದೆ, ನೋವಿನ ಸುದ್ದಿಯೂ ಬರುತ್ತದೆ. ಸದ್ದು ತರುವ ಕೊಂಡಿ ಮೊದಲು ದುರ್ಬಲ. ತಾನೊಂದೇ ಆ ಕೋಶವನ್ನು ಎಬ್ಬಿಸಲಾರದು. ನೋವು ಕೋಶವನ್ನು ಬಲವಾಗಿ ಎಬ್ಬಿಸಿದ ಗಳಿಗೆಯಲ್ಲೇ ಸದ್ದಿನ ಕೊಂಡಿಯೂ ಕೆಲಸದಲ್ಲಿದ್ದರೆ ಆ ಕೊಂಡಿ ಗಟ್ಟಿಯಾಗುತ್ತದೆ. ಮುಂದಿನ ಸಲ ಸದ್ದು ಒಂಟಿಯಾಗಿ ಬಂದರೂ ಕೋಶ ಏಳುತ್ತದೆ. ಕೊಂಡಿ ಹೀಗೆ ಗಟ್ಟಿಯಾಗಬಲ್ಲದು ಎಂಬುದನ್ನು ಟಿಮ್ ಬ್ಲಿಸ್ ಮತ್ತು ತೇರ್ಯೆ ಲೊಮೊ 1973ರಲ್ಲಿ ಮೊಲದ ಮಿದುಳಿನಲ್ಲಿ, ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ತೋರಿಸಿದ್ದರು. ಭಯ ಕಲಿತ ಇಲಿಯ ಅಮಿಗ್ಡಲಾದಲ್ಲೂ ಇದೇ ಆಗಿದೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1997ರಲ್ಲಿ.

ಗೊತ್ತಾಗುವ ಮೊದಲೇ ಮೈ ಹೆದರಿರುತ್ತದೆ. ಯಾಕೆ?

ನನ್ನ ಬಸ್ಸಿನ ಪ್ರಶ್ನೆ ಇದೇ.

ಸದ್ದು ಕಿವಿಯಿಂದ ಮಿದುಳಿನ ಕಾಂಡಕ್ಕೆ, ಅಲ್ಲಿಂದ ನಡುಮಿದುಳಿಗೆ, ಆಮೇಲೆ ಥಾಲಮಸ್ ಎಂಬ ನಿಲ್ದಾಣಕ್ಕೆ, ಕೊನೆಗೆ ಶ್ರವಣದ ಕಾರ್ಟೆಕ್ಸಿಗೆ, ಅಂದರೆ ಮಿದುಳಿನ ಹೊರಪದರದಲ್ಲಿ ಸದ್ದಿಗೆ ಮೀಸಲಾದ ಭಾಗಕ್ಕೆ, ಹೋಗುತ್ತದೆ. ಇದು ಯಾವ ರಾಗ, ಯಾರ ದನಿ ಎಂಬ ವಿವರ ಬಿಡಿಸಿಕೊಳ್ಳುವುದು ಕಾರ್ಟೆಕ್ಸಿನಲ್ಲಿ. ಹಾಗಾದರೆ ಕಾರ್ಟೆಕ್ಸ್ ಇಲ್ಲದೆ ಸದ್ದಿಗೆ ಹೆದರಲು ಸಾಧ್ಯವೇ? 1980ರ ದಶಕದಲ್ಲಿ ಜೋಸೆಫ್ ಲೆಡೂ ಎಂಬ ನರವಿಜ್ಞಾನಿ ಇದನ್ನು ಪರೀಕ್ಷಿಸಿದರು. ಇಲಿಯ ಶ್ರವಣ ಕಾರ್ಟೆಕ್ಸನ್ನು ಹಾಳುಮಾಡಿದರೂ ಅದು ಟೋನಿಗೆ ಹೆದರುವುದನ್ನು ಕಲಿಯಿತು. ಥಾಲಮಸ್ಸನ್ನು ಹಾಳುಮಾಡಿದರೆ ಕಲಿಯಲಿಲ್ಲ. ಅಂದರೆ ಥಾಲಮಸ್ಸಿನಿಂದ ಎಲ್ಲೋ ಒಂದು ಅಡ್ಡದಾರಿ ಇರಲೇಬೇಕಿತ್ತು. ಬಣ್ಣ ಹಾಕಿ ನರತಂತುಗಳ ಜಾಡು ಹಿಡಿದಾಗ ಅದು ಅಮಿಗ್ಡಲಾಕ್ಕೆ ಹೋಗಿ ಮುಟ್ಟಿತು.

ಇಲಿಯಲ್ಲಿ ಈ ಅಡ್ಡದಾರಿಯಿಂದ ಸದ್ದು ಸುಮಾರು 12 ಮಿಲಿಸೆಕೆಂಡಿನಲ್ಲಿ ಅಮಿಗ್ಡಲಾ ತಲುಪುತ್ತದೆ. ಕಾರ್ಟೆಕ್ಸ್ ಸುತ್ತಿ ಬರುವ ದಾರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಡ್ಡದಾರಿಯಲ್ಲಿ ಬರುವ ಸುದ್ದಿ ಒರಟು: 'ಅಂಥದ್ದೇ ಏನೋ ಬಂತು' ಎನ್ನುವಷ್ಟು. ಹೆದ್ದಾರಿಯಲ್ಲಿ ಬರುವುದು ನಿಧಾನ, ಆದರೆ ನಿಖರ. ಅಷ್ಟರಲ್ಲಿ ಅಮಿಗ್ಡಲಾದಿಂದ ಕೆಳಗೆ ಆಜ್ಞೆ ಹೋಗಿರುತ್ತದೆ. ಹೈಪೊಥಾಲಮಸ್ಸಿಗೆ ಹೋದದ್ದರಿಂದ ಗುಂಡಿಗೆ ಡವಗುಟ್ಟುತ್ತದೆ, ನಡುಮಿದುಳಿಗೆ ಹೋದದ್ದರಿಂದ ಮೈ ಅಲ್ಲಾಡದೆ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಇಲಿಯ ಮಿಲಿಸೆಕೆಂಡುಗಳನ್ನು ಮನುಷ್ಯರಿಗೆ ಹಾಗೆಹಾಗೇ ಒಪ್ಪಿಸಬಾರದು. ಬಸ್ಸಿನಲ್ಲಿ ನನ್ನ ಅಂಗೈ ಬೆವೆತದ್ದು ಅಡ್ಡದಾರಿಯಿಂದಲೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಆ ರಾಗವನ್ನು ಗುರುತಿಸಲು ಕಾರ್ಟೆಕ್ಸೂ ದುಡಿದಿರಬೇಕು, ನನಗೆ ಸುದ್ದಿ ಮುಟ್ಟಿಸಿದ್ದು ಮಾತ್ರ ತಡವಾಗಿ.

ಅಂದರೆ ಅಮಿಗ್ಡಲಾ ಭಯದ ಕೇಂದ್ರ ಎನ್ನಬಹುದೇ?

ಪತ್ರಿಕೆಗಳು ಹಾಗೆನ್ನುತ್ತವೆ. ಲೆಡೂ ಅವರಿಗೇ ಆ ಮಾತು ರುಚಿಸುವುದಿಲ್ಲ. ಅಪಾಯ ಗುರುತಿಸಿ ಮೈಯನ್ನು ಸಜ್ಜು ಮಾಡುವ ಯಂತ್ರ ಒಂದು, 'ನನಗೆ ಹೆದರಿಕೆಯಾಗುತ್ತಿದೆ' ಎಂಬ ಅನುಭವ ಇನ್ನೊಂದು, ಇವನ್ನು ಒಂದೇ ಹೆಸರಿನಿಂದ ಕರೆದು ನಾವೇ ಗೊಂದಲ ಮಾಡಿಕೊಂಡೆವು ಎಂದು 2014ರಲ್ಲಿ ಅವರು ಬರೆದರು.

ಅಪರೂಪದ ಕಾಯಿಲೆಯಿಂದ ಎರಡೂ ಅಮಿಗ್ಡಲಾ ಕಳೆದುಕೊಂಡ ಮಹಿಳೆಯೊಬ್ಬರನ್ನು ವಿಜ್ಞಾನಿಗಳು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹಾವು, ಜೇಡ ಯಾವುದಕ್ಕೂ ಅವರಿಗೆ ಹೆದರಿಕೆಯಿಲ್ಲ. ಆದರೆ 35 ಶೇಕಡಾ ಕಾರ್ಬನ್ ಡೈಆಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಿಸಿದಾಗ ಅವರೂ ಗಾಬರಿಬಿದ್ದರು. 2013ರಲ್ಲಿ ಪ್ರಕಟವಾದ ಫಲಿತಾಂಶವಿದು. ಅಮಿಗ್ಡಲಾ ಇಲ್ಲದೆಯೂ ದಿಗಿಲು ಹುಟ್ಟಬಲ್ಲದು. ಹೊರಗಿನ ಗುರುತಿಗೂ ಬರಲಿರುವ ಕೇಡಿಗೂ ಗಂಟು ಹಾಕುವ ಕೆಲಸಕ್ಕೆ ಮಾತ್ರ ಅಮಿಗ್ಡಲಾ ಬೇಕು.

ಏನಾಗಿತ್ತೆಂದು ನೆನಪೇ ಇಲ್ಲ, ಆದರೂ ಒಂದು ಸದ್ದು ಕೇಳಿದರೆ ನಡುಕ ಬರುತ್ತದೆ. ಇದು ಸಾಧ್ಯವೇ?

ಸಾಧ್ಯ. ಈ ಪುಟದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ.

1995ರಲ್ಲಿ ಆಂಟ್ವಾನ್ ಬೆಶಾರಾ ಮತ್ತು ಸಂಗಡಿಗರು ಮೂವರು ರೋಗಿಗಳನ್ನು ಪರೀಕ್ಷಿಸಿದರು. ಒಬ್ಬರಿಗೆ ಅಮಿಗ್ಡಲಾ ಇರಲಿಲ್ಲ. ಒಬ್ಬರಿಗೆ ಹೊಸ ಘಟನೆಗಳನ್ನು ನೆನಪಿಡುವ ಹಿಪೊಕ್ಯಾಂಪಸ್ ಹಾಳಾಗಿತ್ತು. ಮೂರನೆಯವರಿಗೆ ಎರಡೂ ಹೋಗಿದ್ದವು. ಕೆಲವು ಬಣ್ಣ, ಕೆಲವು ಟೋನುಗಳನ್ನು ತೋರಿಸಿ, ಕೇಳಿಸಿ, ಅವುಗಳಲ್ಲಿ ಒಂದರ ಬೆನ್ನಿಗೆ ಮಾತ್ರ ದೋಣಿಯ ಹಾರ್ನಿನ ಕಿವಿಗಡಚಿಕ್ಕುವ ಸದ್ದು ಬಿಟ್ಟರು. ಬೆರಳಿನ ಚರ್ಮ ಬೆವರುವುದನ್ನು ಅಳೆಯುತ್ತ ಹೋದರು.

ಅಮಿಗ್ಡಲಾ ಇಲ್ಲದವರು ಯಾವುದರ ಬೆನ್ನಿಗೆ ಹಾರ್ನ್ ಬರುತ್ತದೆಂದು ಸರಿಯಾಗಿ ಹೇಳಿದರು, ಆದರೆ ಚರ್ಮ ಒಣಗಿತ್ತು. ಹಿಪೊಕ್ಯಾಂಪಸ್ ಹಾಳಾದವರಿಗೆ ಏನು ನಡೆಯಿತೆಂದು ಹೇಳಲು ಬರಲಿಲ್ಲ, ಆದರೆ ಆ ಗುರುತು ಬಂದಾಗಲೆಲ್ಲ ಚರ್ಮ ಬೆವರುತ್ತಿತ್ತು. ಮೂರನೆಯವರಲ್ಲಿ ಎರಡೂ ಇಲ್ಲ. ಒಂದೇ ಘಟನೆಗೆ ಮಿದುಳು ಎರಡು ಲೆಕ್ಕದ ಪುಸ್ತಕ ಇಡುತ್ತದೆ: ಏನಾಯಿತು ಎಂಬುದು ಒಂದರಲ್ಲಿ, ಮುಂದಿನ ಸಲ ಮೈ ಏನು ಮಾಡಬೇಕು ಎಂಬುದು ಇನ್ನೊಂದರಲ್ಲಿ. ಒಂದು ಕಳೆದುಹೋದರೂ ಇನ್ನೊಂದು ಉಳಿಯಬಹುದು. ಹಾಗಾಗಿ 'ನಿನಗೆ ನೆನಪೇ ಇಲ್ಲವಲ್ಲ, ಸುಮ್ಮನೆ ನಾಟಕ' ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆದರೆ ನಡುಕದಿಂದ ಹಿಂದಕ್ಕೆ ಹೊರಟು 'ಇಂಥದ್ದೇ ಆಗಿರಬೇಕು' ಎಂದು ಕಥೆ ಕಟ್ಟುವುದೂ ಸರಿಯಲ್ಲ. ಬೆವರಿಗೆ ವಿಳಾಸ ಬರೆದಿರುವುದಿಲ್ಲ.

ಮಗುವಿನ ಮೇಲೆ ಇಂಥ ಪ್ರಯೋಗ ಮಾಡಿದ್ದರಂತೆ, ನಿಜವೇ?

ನಿಜ, ಓದಿದರೆ ಹೊಟ್ಟೆ ಕಿವುಚುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದರು. ವರದಿಯಲ್ಲಿ 'ಆಲ್ಬರ್ಟ್' ಎಂದು ಕರೆಯಲಾದ 11 ತಿಂಗಳ ಮಗು ಬಿಳಿ ಇಲಿಯನ್ನು ಮುಟ್ಟಲು ಕೈ ಚಾಚಿದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಒಟ್ಟು ಏಳು ಸಲ. ಆಮೇಲೆ ಇಲಿ ಕಂಡರೆ ಸಾಕು ಮಗು ಅಳುತ್ತ ಅಂಬೆಗಾಲಿಡುತ್ತ ದೂರ ಹೋಗುತ್ತಿತ್ತು. ಮೊಲಕ್ಕೂ ತುಪ್ಪಳದ ಕೋಟಿಗೂ ಹೆದರತೊಡಗಿತು. ಭಯ ಬಿಡಿಸುವ ಮೊದಲೇ ಮಗುವನ್ನು ಅಲ್ಲಿಂದ ಕರೆದೊಯ್ದರು.

ಇಲ್ಲಿ ಸದ್ದು ಗುರುತಲ್ಲ, ಶಿಕ್ಷೆ, ಗುರುತು ಇಲಿ. ಅನೇಕರು ಇದನ್ನು ಅದಲುಬದಲು ಮಾಡಿ ಹೇಳುತ್ತಾರೆ.

ಒಂದೇ ಸಲಕ್ಕೆ ಭಯ ಅಂಟಿಕೊಳ್ಳುತ್ತದೆಯೇ?

ನೋವು ಬಲವಾಗಿದ್ದರೆ ಒಂದೇ ಸಲ ಸಾಕು. ಆದರೆ ಎಷ್ಟು ಸಲ ಎಂಬುದಕ್ಕಿಂತ ಸದ್ದು ಏನನ್ನಾದರೂ ಮುನ್ಸೂಚಿಸುತ್ತದೆಯೇ ಎಂಬುದನ್ನು ಮಿದುಳು ನೋಡುತ್ತದೆ. 1968ರಲ್ಲಿ ರಾಬರ್ಟ್ ರೆಸ್ಕೋರ್ಲಾ ಇದನ್ನು ಚೊಕ್ಕವಾಗಿ ತೋರಿಸಿದರು. ಟೋನಿನ ಜೊತೆ ಬರುವ ಶಾಕ್‌ಗಳ ಪ್ರಮಾಣವನ್ನು ಹಾಗೆಯೇ ಇಟ್ಟು, ಟೋನ್ ಇಲ್ಲದಾಗಲೂ ಅಷ್ಟೇ ಶಾಕ್ ಕೊಟ್ಟರೆ ಇಲಿ ಟೋನಿಗೆ ಹೆದರುವುದಿಲ್ಲ. ಆ ಟೋನಿನಿಂದ ಹೊಸದಾಗಿ ಏನೂ ತಿಳಿಯುವುದಿಲ್ಲವಲ್ಲ.

ಅದೇ ಕಾಲದಲ್ಲಿ ಲಿಯಾನ್ ಕಾಮಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಸದ್ದಿನ ಬೆನ್ನಿಗೆ ಶಾಕ್ ಬರುವುದನ್ನು ಇಲಿಗಳಿಗೆ ಮೊದಲು ಚೆನ್ನಾಗಿ ಕಲಿಸಿ, ಆಮೇಲೆ ಆ ಸದ್ದಿನ ಜೊತೆಗೆ ಒಂದು ದೀಪವನ್ನೂ ಹಚ್ಚಿ ಶಾಕ್ ಕೊಟ್ಟರು. ದೀಪದ ಬಗ್ಗೆ ಇಲಿಗಳು ಹೆಚ್ಚೇನೂ ಕಲಿಯಲಿಲ್ಲ. ಅಚ್ಚರಿ ಇಲ್ಲದಲ್ಲಿ ಕಲಿಕೆ ಇಲ್ಲ. ಇನ್ನು ಸದ್ದು ಶಾಕಿನ ನಂತರ ಬಂದರೆ ಫಲ ತಿರುಗುಮುರುಗಾಗುವುದೂ ಉಂಟು, 'ಸದ್ಯ ಮುಗಿಯಿತು' ಎಂಬ ನೆಮ್ಮದಿಯ ಗುರುತಾಗಬಲ್ಲದು.

ಮೊದಲೇ ನೂರಾರು ಸಲ ಕೇಳಿ ಏನೂ ಆಗದೆ ಉಳಿದ ಸದ್ದಿಗೆ ಭಯ ಅಂಟಿಸುವುದು ಕಷ್ಟ. ದಿನಾ ಕೇಳುವ ರಸ್ತೆಯ ಸದ್ದಿಗಿಂತ ಅಪಘಾತದ ಆ ಗಳಿಗೆಯಲ್ಲಿ ಮೊದಲ ಸಲ ಕೇಳಿದ, ಲೋಹ ಮುದುಡುವ ಸದ್ದು ಬಿಗಿಯಾಗಿ ಹಿಡಿದುಕೊಳ್ಳುವುದು ಇದಕ್ಕೇ.

ಅದೇ ಸದ್ದಲ್ಲ, ಅದರ ಹಾಗಿರುವ ಸದ್ದಿಗೂ ಹೆದರುವುದೇಕೆ?

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎಂಬ ಗಾದೆಯನ್ನು ಕಿವಿಗೆ ಹೊಂದಿಸಿಕೊಳ್ಳಿ. ಕಲಿತ ಟೋನಿಗೆ ಹತ್ತಿರವಿರುವ ಟೋನುಗಳಿಗೂ ಭಯ ಹರಡುತ್ತದೆ, ದೂರ ಹೋದಂತೆ ತೆಳುವಾಗುತ್ತದೆ. ನೋವು ಹೆಚ್ಚಿದ್ದಷ್ಟೂ ಹರಡುವಿಕೆ ಹೆಚ್ಚು. ಗುರಿ ತಪ್ಪಿದರೂ ಸುರಕ್ಷಿತ ಬದಿಗೆ ತಪ್ಪಲಿ ಎಂಬ ಲೆಕ್ಕ ಅದು.

ಇದರಲ್ಲಿ ಕಾರ್ಟೆಕ್ಸೂ ಸುಮ್ಮನಿರುವುದಿಲ್ಲ. ಶ್ರವಣ ಕಾರ್ಟೆಕ್ಸಿನ ಒಂದೊಂದು ಕೋಶಕ್ಕೂ ತನ್ನದೇ ಒಂದು ಮೆಚ್ಚಿನ ಸ್ವರವಿರುತ್ತದೆ, ಆ ಸ್ವರಕ್ಕೆ ಅದು ಹೆಚ್ಚು ಮಿಡಿಯುತ್ತದೆ. ಗಿನಿಯಿಲಿಗಳಿಗೆ ಒಂದು ಟೋನಿನ ಭಯ ಕಲಿಸಿದ ಮೇಲೆ ಕೆಲವು ಕೋಶಗಳ ಮೆಚ್ಚಿನ ಸ್ವರ ಆ ಟೋನಿನ ಕಡೆಗೆ ಸರಿದದ್ದನ್ನು ನಾರ್ಮನ್ ವೈನ್‌ಬರ್ಗರ್ ತಂಡ 1990ರಲ್ಲಿ ತೋರಿಸಿತು. ಹೆದರಿದ ಸದ್ದಿಗೆ ಮಿದುಳು ಹೆಚ್ಚು ಜಾಗ ಬಿಟ್ಟುಕೊಡುತ್ತದೆ ಎಂದಾಯಿತು. ಗಲಾಟೆಯ ನಡುವೆಯೂ ಆ ಒಂದೇ ಸದ್ದು ನಿಮ್ಮ ಕಿವಿಗೆ ಬೀಳುತ್ತಿದ್ದರೆ ಅದು ಭ್ರಮೆಯಲ್ಲ.

ಚೀರಾಟ, ಸೈರನ್ ಇವು ಯಾರಿಗಾದರೂ ಕೆಟ್ಟದಾಗಿ ಕೇಳಿಸುತ್ತವಲ್ಲ, ಅದೂ ಕಲಿತದ್ದೇ?

ಬಹುಪಾಲು ಅಲ್ಲ. ಚೀರಾಟದಲ್ಲಿ ದನಿಯ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಮಾತಿನಲ್ಲಿ ಈ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ ಮಾತ್ರ. ಈ ಗರಗಸದಂಥ ಒರಟು ಹೆಚ್ಚಿದಷ್ಟೂ ಕೇಳುಗರಿಗೆ ಹೆಚ್ಚು ಭಯವಾಗುತ್ತದೆ, ಅಮಿಗ್ಡಲಾ ಹೆಚ್ಚು ಮಿಡಿಯುತ್ತದೆ ಎಂದು 2015ರ ಒಂದು ಅಧ್ಯಯನ ತೋರಿಸಿತು. ಎಚ್ಚರಿಕೆಯ ಗಂಟೆಗಳಲ್ಲೂ ಇದೇ ಒರಟು ಇದೆ.

ಕಾಲ ಕಳೆದಂತೆ ಭಯ ತಾನಾಗಿ ಅಳಿಸಿಹೋಗುವುದಿಲ್ಲವೇ?

ಬರಿಯ ಕಾಲ ಕಳೆಯುವುದರಿಂದ ಅಷ್ಟಾಗಿ ಇಲ್ಲ. ಶಾಕ್ ಇಲ್ಲದೆ ಟೋನನ್ನು ಮತ್ತೆ ಮತ್ತೆ ಕೇಳಿಸಿದರೆ ಇಲಿಯ ಹೆದರಿಕೆ ಇಳಿಯುತ್ತದೆ. ನೋಡಿದವರಿಗೆ ಅಳಿಸಿಹೋದಂತೆ ಕಾಣುತ್ತದೆ. ಆದರೆ ಕೆಲವು ದಿನ ಬಿಟ್ಟು ಕೇಳಿಸಿ, ಭಯ ತಾನಾಗಿ ಮರಳಿರುತ್ತದೆ. ಇದು ಪಾವ್ಲೊವ್ ಕಾಲದಿಂದಲೂ ಗೊತ್ತು. ಬೇರೆ ಜಾಗಕ್ಕೆ ಒಯ್ದು ಕೇಳಿಸಿ, ಮರಳುತ್ತದೆ. ಟೋನ್ ಇಲ್ಲದೆ ಒಂದು ಶಾಕ್ ಕೊಟ್ಟು ನೋಡಿ, ಆಗಲೂ ಮರಳುತ್ತದೆ.

ಹಾಗಾಗಿ ಇಲ್ಲಿ ಆಗುವುದು ಎರಡನೆಯ ಕಲಿಕೆ: 'ಈ ಸದ್ದಿನ ಬೆನ್ನಿಗೆ ಈಗ, ಇಲ್ಲಿ, ಏನೂ ಬರುವುದಿಲ್ಲ.' ಹಣೆಯ ಹಿಂದಿನ ಕಾರ್ಟೆಕ್ಸಿನ ಕೆಳಭಾಗ ಈ ಪಾಠವನ್ನು ಹಿಡಿದಿಟ್ಟುಕೊಂಡು ಅಮಿಗ್ಡಲಾದ ಆಜ್ಞೆಗೆ ಕಡಿವಾಣ ಹಾಕುತ್ತದೆ. ಹಳೆಯ ಪಾಠ ಎಲ್ಲಿಗೆ ಹೋದರೂ ಹಿಂಬಾಲಿಸುತ್ತದೆ, ಹೊಸದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಇದು ಅನ್ಯಾಯವೆಂದು ನನಗನ್ನಿಸುತ್ತದೆ, ಆದರೆ ಹುಲಿ ಇರುವ ಕಾಡಿನಲ್ಲಿ ಬದುಕಿದ ಜೀವಿಗೆ ಇದೇ ಸರಿಯಾದ ಲೆಕ್ಕ.

ಭಯದ ಚಿಕಿತ್ಸೆ ನಿಂತಿರುವುದೂ ಇದರ ಮೇಲೆಯೇ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಸದ್ದನ್ನು ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ, ಬೇರೆ ಬೇರೆ ಜಾಗಗಳಲ್ಲಿ ಕೇಳಿಸುತ್ತಾರೆ. ಜಾಗ ಬದಲಿಸುವುದು ಯಾಕೆಂದು ಈಗ ಗೊತ್ತಾಗಿರಬೇಕು. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುವ ಪುಟ್ಟ ಹುಡುಗನಿಗೆ ಅವನಿಷ್ಟದ ತಿನಿಸು ಕೊಡುತ್ತ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಇಂದಿನ ವಿಧಾನದ ಬೇರು ಅಲ್ಲಿದೆ.

ಹಳೆಯ ಪಾಠವನ್ನೇ ಕಿತ್ತುಹಾಕಲು ಬರುವುದಿಲ್ಲವೇ?

ಪ್ರಾಣಿಗಳಲ್ಲಿ ಹತ್ತಿರ ಹೋಗಿದ್ದಾರೆ. ನೆನಪನ್ನು ಹೊರತೆಗೆದಾಗ ಅದು ಸ್ವಲ್ಪ ಹೊತ್ತು ಮೆದುವಾಗುತ್ತದೆ, ಮತ್ತೆ ಗಟ್ಟಿಯಾಗಲು ಹೊಸ ಪ್ರೋಟೀನ್ ಬೇಕು. 2000ದಲ್ಲಿ ಕರೀಂ ನಾದೆರ್ ಮತ್ತು ಲೆಡೂ ತಂಡ ಇಲಿಗೆ ಹಳೆಯ ಟೋನನ್ನು ಒಮ್ಮೆ ಕೇಳಿಸಿ, ತಕ್ಷಣ ಪ್ರೋಟೀನ್ ತಯಾರಿಕೆ ತಡೆಯುವ ಔಷಧವನ್ನು ಅಮಿಗ್ಡಲಾಕ್ಕೆ ಚುಚ್ಚಿತು. ಮರುದಿನ ಇಲಿ ಆ ಟೋನಿಗೆ ಅಷ್ಟಾಗಿ ಹೆದರಲಿಲ್ಲ. ಟೋನ್ ಕೇಳಿಸದೆ ಔಷಧ ಮಾತ್ರ ಕೊಟ್ಟ ಇಲಿಗಳ ಭಯ ಹಾಗೇ ಇತ್ತು.

2014ರಲ್ಲಿ ರಾಬರ್ಟೊ ಮಲಿನೋವ್ ತಂಡ ಟೋನಿನ ಬದಲು ಬೆಳಕಿನಿಂದ ಶ್ರವಣದ ನರತಂತುಗಳನ್ನೇ ನೇರ ಮಿಡಿಸಿ ಇಲಿಗಳಿಗೆ ಭಯ ಕಲಿಸಿತು. ಒಂದು ಬಗೆಯ ಮಿಡಿತದಿಂದ ಕೊಂಡಿ ಸಡಿಲಿಸಿದಾಗ ಭಯ ಮಾಯ, ಇನ್ನೊಂದು ಬಗೆಯಿಂದ ಬಿಗಿಗೊಳಿಸಿದಾಗ ಭಯ ವಾಪಸ್. ಸ್ವಿಚ್ ಒತ್ತಿದಂತೆ! ಮನುಷ್ಯರಿಗೆ ಇದನ್ನು ಮಾಡಲು ಬರುವುದಿಲ್ಲ. ಮಾತ್ರೆ ಕೊಟ್ಟು ಮೆದುವಾದ ನೆನಪನ್ನು ತಗ್ಗಿಸುವ ಪ್ರಯತ್ನಗಳ ಫಲಿತಾಂಶ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಕ್ಕಿಲ್ಲ. 'ಒಂದೇ ಸಿಟ್ಟಿಂಗಿನಲ್ಲಿ ಭಯ ಅಳಿಸುತ್ತೇವೆ' ಎನ್ನುವವರ ಮಾತಿಗೆ ದುಡ್ಡು ಬಿಚ್ಚಬೇಡಿ.

ಕಿವಿಗೆ ಹತ್ತಿ ಇಟ್ಟುಕೊಂಡು ಸದ್ದಿನಿಂದ ದೂರ ಇದ್ದರಾಗದೇ?

ಯಂತ್ರಗಳ ಗದ್ದಲದಲ್ಲಿ ದುಡಿಯುವವರು ಕಿವಿ ಮುಚ್ಚಿಕೊಳ್ಳಲೇಬೇಕು. 85 ಡೆಸಿಬೆಲ್ ಮೇಲಿನ ಸದ್ದು ದಿನದ ಎಂಟು ಗಂಟೆ ಬಿದ್ದರೆ ಕಿವಿಗೆ ಹಾನಿ. ಭಯಕ್ಕೆಂದು ನಿಶ್ಶಬ್ದ ಕೋಣೆಯಲ್ಲೂ ಮುಚ್ಚಿಕೊಂಡರೆ ಎರಡು ನಷ್ಟ. ಸದ್ದಿನ ಬೆನ್ನಿಗೆ ಏನೂ ಬರುವುದಿಲ್ಲ ಎಂದು ಕಲಿಯುವ ಅವಕಾಶ ಮಿದುಳಿಗೆ ತಪ್ಪುತ್ತದೆ. ಜೊತೆಗೆ, ಒಳಬರುವ ಸದ್ದು ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಹತ್ತಿ ತೆಗೆದಾಗ ಸಾಮಾನ್ಯ ಸದ್ದೂ ಚುಚ್ಚುತ್ತದೆ.

ಪಕ್ಕದವರು ಅಗಿಯುವ ಸದ್ದಿಗೆ ನನಗೆ ಮೈ ಉರಿಯುತ್ತದೆ. ಇದೂ ಭಯವೇ?

ಇದಕ್ಕೆ ಮಿಸೋಫೋನಿಯಾ ಎಂಬ ಹೆಸರಿದೆ, ಬಳಕೆಗೆ ಬಂದು ಎರಡು ದಶಕ ದಾಟಿತು. ಇಲ್ಲಿ ಮುಂದೆ ನಿಲ್ಲುವುದು ಸಿಟ್ಟು ಮತ್ತು ಅಸಹ್ಯ. ಮಿದುಳಿನ ಚಿತ್ರಗಳಲ್ಲಿ ಎದ್ದು ಕಾಣುವುದೂ ಇನ್ಸುಲಾ ಎಂಬ ಬೇರೆ ಭಾಗ. ಭಯದ ಚಿಕಿತ್ಸೆಯನ್ನು ಇದಕ್ಕೆ ಹಾಗೇ ಎತ್ತಿ ಹಾಕಲಾಗದು.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಸದ್ದಿಗೆ ಹೆದರಿ ಕೆಲಸ, ಶಾಲೆ, ಓಡಾಟ ಬಿಡುತ್ತಿದ್ದರೆ. ನಿದ್ದೆ ಕೆಡುತ್ತಿದ್ದರೆ. ಹಳೆಯ ಆಘಾತ ಕಣ್ಣ ಮುಂದೆ ಮತ್ತೆ ನಡೆದಂತಾಗುತ್ತಿದ್ದರೆ. ಕಿವಿಯಲ್ಲೇ ನೋವಿದ್ದರೆ ಮೊದಲು ಕಿವಿಯ ವೈದ್ಯರು.

ನಿಮ್ಮ ರಿಂಗ್‌ಟೋನಿನ ಭಯ ಹೋಯಿತೇ?

ಅದೇ ಟೋನನ್ನು ಬೇಕೆಂದೇ ಮತ್ತೆ ನನ್ನ ಫೋನಿಗೆ ಹಾಕಿಕೊಂಡೆ. ಮೊದಲ ವಾರ ತರಕಾರಿಯವನ ಫೋನಿಗೂ ಗಂಟಲು ಒಣಗುತ್ತಿತ್ತು. ತಿಂಗಳ ಹೊತ್ತಿಗೆ ಹಗಲಿನಲ್ಲಿ ಏನೂ ಆಗುತ್ತಿರಲಿಲ್ಲ. ಮೊನ್ನೆ ಗೆಳೆಯನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಗಾಲಿ ಕುರ್ಚಿಯ ಕಿರಕಿರ. ಫೋನ್ ಮೊಳಗಿತು, ಮೂರು ಸ್ವರ ಏರಿ ಒಂದು ಇಳಿಯಿತು. ಹೆಂಡತಿಯ ಕರೆ, ಬರುವಾಗ ಹಾಲು ತನ್ನಿ ಎನ್ನಲು. ಫೋನ್ ಹಿಡಿದ ಕೈ ಒದ್ದೆಯಾಗಿತ್ತು.